ಯಾರ ಮನೆ ಮೇಲೆ ಎಷ್ಟು ಬಿಸಿಲು? ಕೊಡಗಿನಲ್ಲಿ ಸೋಲಾರ್ ಊರು ಕಟ್ಟುವ ಲೆಕ್ಕ

ಕಳೆದ ಮಳೆಗಾಲದಲ್ಲಿ ಮಾದಾಪುರದ ಹತ್ತಿರ ಇರುವ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆ. ಸಂಜೆ ಐದಕ್ಕೇ ಕತ್ತಲಾಗಿತ್ತು. ಮೇಲಿನ ರಸ್ತೆಯಲ್ಲಿ ಮರ ಬಿದ್ದು ಲೈನ್ ತುಂಡಾಗಿತ್ತು. ಎರಡು ದಿನದಿಂದ ಕರೆಂಟ್ ಇರಲಿಲ್ಲ. ತಾರಸಿ ಮೇಲೆ ಆರು ಸೋಲಾರ್ ಪ್ಯಾನೆಲ್ ಇದ್ದವು, ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಆದರೂ ಅಡುಗೆಮನೆಯಲ್ಲಿ ಉರಿಯುತ್ತಿದ್ದದ್ದು ಮೇಣದಬತ್ತಿ.

"ಮೇಲೆ ಅಷ್ಟೊಂದು ಹಾಸಿದ್ದೀವಲ್ಲ, ಒಂದು ಬಲ್ಬಾದರೂ ಉರಿಯಬೇಡ್ವಾ?" ಅಂತ ಚಿಕ್ಕಮ್ಮ ಕೇಳಿದರು. ಚಿಕ್ಕಪ್ಪ ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಶೆಡ್ಡಿನಲ್ಲಿ ಜೀಪ್ ಸ್ಟಾರ್ಟ್ ಮಾಡಿಕೊಂಡು ಕೂತಿದ್ದರು.

ಪ್ಯಾನೆಲ್ ಕೆಟ್ಟಿರಲಿಲ್ಲ. ಜೋಡಿಸಿದವರ ಕೆಲಸದಲ್ಲೂ ತಪ್ಪಿರಲಿಲ್ಲ. ಆದರೆ ಹಾಕುವ ಮೊದಲು "ನಿಮಗೆ ಸೋಲಾರ್ ಯಾಕೆ ಬೇಕು?" ಅಂತ ಯಾರೂ ಕೇಳಿರಲಿಲ್ಲ. ಚಿಕ್ಕಪ್ಪನಿಗೂ ಏನು ಹೇಳಬೇಕು ಅಂತ ಗೊತ್ತಿರಲಿಲ್ಲ. ಒಂದು ಮನೆಯಲ್ಲೇ ಹೀಗಾದರೆ ಇಡೀ ಊರಿಗೋ ಬಡಾವಣೆಗೋ ಸೋಲಾರ್ ಹಾಕುವಾಗ ಈ ಪ್ರಶ್ನೆ ಎಷ್ಟು ದೊಡ್ಡದಿರಬೇಕು? ಈಗ ಪಂಚಾಯಿತಿ ಸಭೆಗಳಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ, ಸಂತೆಯಲ್ಲಿ ಎಲ್ಲ ಕಡೆ ಸೋಲಾರ್ ಮಾತು ಬರುತ್ತಿದೆ. ಹಾಗಾಗಿ ಬುಡದಿಂದ ಒಮ್ಮೆ ನೋಡೋಣ.

ಸೋಲಾರ್ ಊರು ಅಂದ್ರೆ ಏನು?

ಕೊಡಗಿನವರಿಗೆ ಸೋಲಾರ್ ಹೊಸದಲ್ಲ. ಆನೆ ಬರದಿರಲಿ ಅಂತ ತೋಟದ ಸುತ್ತ ಸೋಲಾರ್ ಬೇಲಿ ಹಾಕಿದ್ದೇವೆ. ಸ್ನಾನಕ್ಕೆ ಸೋಲಾರ್ ಗೀಸರ್ ಇದೆ. ಪಂಚಾಯಿತಿಯ ಸೋಲಾರ್ ಬೀದಿ ದೀಪ ಇದೆ. ಇವೆಲ್ಲ ಒಂದೊಂದು ಕೆಲಸಕ್ಕೆ ಇರುವ ಒಂಟಿ ವ್ಯವಸ್ಥೆಗಳು.

ಸೋಲಾರ್ ಊರು ಅಥವಾ ಸೋಲಾರ್ ಬಡಾವಣೆ ಬೇರೆ. ಒಂದು ಟ್ರಾನ್ಸ್‌ಫಾರ್ಮರ್ ಕೆಳಗೆ ಬರುವ ಮನೆಗಳು, ಶಾಲೆ, ಕುಡಿಯುವ ನೀರಿನ ಪಂಪ್, ಬೀದಿ ದೀಪ ಎಲ್ಲವನ್ನೂ ಒಟ್ಟಿಗೆ ನೋಡಿ, ಇವಕ್ಕೆ ಬೇಕಾದ ಕರೆಂಟಿನಲ್ಲಿ ಆದಷ್ಟು ಪಾಲನ್ನು ಅಲ್ಲೇ ಬಿಸಿಲಿನಿಂದ ತೆಗೆಯುವ ಏರ್ಪಾಡು ಅದು. ಎಲ್ಲರ ಮನೆ ಮೇಲೂ ಪ್ಯಾನೆಲ್ ಇರಲೇಬೇಕು ಅಂತಿಲ್ಲ. ಬಿಸಿಲು ಚೆನ್ನಾಗಿ ಬೀಳುವ ನಾಲ್ಕು ಮಾಡಿನ (ಮನೆ ಸೂರಿನ) ಮೇಲೆ ಜಾಸ್ತಿ ಹಾಕಿ ಉಳಿದವರು ಹಂಚಿಕೊಳ್ಳಬಹುದು.

ಈ "ಹಂಚಿಕೊಳ್ಳುವುದು" ಬಂದ ಕೂಡಲೇ ವಿಷಯ ಎಂಜಿನಿಯರ್ ಕೈಯಿಂದ ಊರಿನ ಕೈಗೆ ಬರುತ್ತದೆ. ಯಾರ ಮಾಡು, ಯಾರ ದುಡ್ಡು, ಯಾರ ಮರ, ಯಾರಿಗೆ ಮೊದಲು ಬೆಳಕು? ಇದಕ್ಕೆಲ್ಲ ಉತ್ತರ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಕಿಲೋವ್ಯಾಟ್, ಯೂನಿಟ್: ಮಳೆ ಲೆಕ್ಕದ ಹಾಗೆ

ಸಭೆಯಲ್ಲಿ ಈ ಎರಡು ಪದ ಬಂದಾಗ ಅರ್ಧ ಜನ ಸುಮ್ಮನಾಗುತ್ತಾರೆ. ನಮಗೆ ಗೊತ್ತಿರುವ ಮಳೆಯಿಂದಲೇ ಇದನ್ನು ಹಿಡಿಯಬಹುದು.

ಮಳೆ ಈಗ ಎಷ್ಟು ಜೋರಾಗಿ ಹೊಯ್ಯುತ್ತಿದೆ ಅನ್ನುವುದು ಒಂದು ವಿಷಯ. ಬೆಳಿಗ್ಗೆ ಎದ್ದು ಮಳೆ ಮಾಪಕ ನೋಡಿ "ಮೂರು ಇಂಚು ಇಪ್ಪತ್ತು ಸೆಂಟ್ಸ್" ಅಂತ ಡೈರಿಯಲ್ಲಿ ಬರೆಯುವುದು ಇನ್ನೊಂದು. ಕಿಲೋವ್ಯಾಟ್ ಅಂದ್ರೆ ಜೋರು. ಯೂನಿಟ್ ಅಂದ್ರೆ ಮಾಪಕದಲ್ಲಿ ನಿಂತದ್ದು. 1 ಕಿಲೋವ್ಯಾಟ್ ಜೋರಿನಲ್ಲಿ 1 ಗಂಟೆ ಕರೆಂಟ್ ಹರಿದರೆ 1 ಯೂನಿಟ್. ಬಿಲ್ ಬರುವುದು ಯೂನಿಟ್ಟಿಗೆ.

1 ಕಿಲೋವ್ಯಾಟ್ ಪ್ಯಾನೆಲ್ ಹಾಕಲು ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಬಿಸಿಲು ಚೆನ್ನಾಗಿರುವ ದಿನ ಅದರಿಂದ ಸುಮಾರು 4 ಯೂನಿಟ್ ಸಿಗುತ್ತದೆ. ಜುಲೈನಲ್ಲಿ ಮೋಡ ಮುಚ್ಚಿದ ದಿನ ಇದು ತುಂಬ ಕಡಿಮೆಯಾಗುತ್ತದೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ತುಂಬ ಅಂತರ ಇದೆ, ಅಲ್ಲಿನ ಬಿಸಿಲೂ ಒಂದೇ ಅಲ್ಲ. ಹಾಗಾಗಿ "ಕೊಡಗಿಗೆ ಇಷ್ಟು ಯೂನಿಟ್" ಅಂತ ಒಂದೇ ಲೆಕ್ಕ ಹೇಳುವವರನ್ನು "ಯಾವ ಊರಿನ ಲೆಕ್ಕ ಇದು?" ಅಂತ ಕೇಳಬೇಕು.

ಕರೆಂಟ್ ಹೋದಾಗ ಸೋಲಾರ್ ಯಾಕೆ ಆರಿಹೋಗುತ್ತದೆ?

ಚಿಕ್ಕಮ್ಮನ ಪ್ರಶ್ನೆಗೆ ಬರೋಣ. ಮನೆ ಸೋಲಾರ್‌ನಲ್ಲಿ ಮುಖ್ಯವಾಗಿ ಎರಡು ಬಗೆ.

ಒಂದು, ಲೈನಿಗೆ ಜೋಡಿಸಿದ್ದು. ಆನ್‌ಗ್ರಿಡ್ ಅನ್ನುತ್ತಾರೆ. ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಹಗಲು ನಿಮ್ಮ ಪ್ಯಾನೆಲ್ ಮಾಡಿದ ಕರೆಂಟ್ ಮನೆಗೆ ಸಾಲುವಷ್ಟು ಖರ್ಚಾಗಿ ಉಳಿದದ್ದು ಲೈನಿಗೆ ಹೋಗುತ್ತದೆ. ರಾತ್ರಿ ನಿಮಗೆ ಬೇಕಾದ್ದು ಲೈನಿನಿಂದ ಬರುತ್ತದೆ. ಎರಡೂ ಕಡೆಯ ಲೆಕ್ಕ ಇಡುವ ಮೀಟರ್ ಕೂರಿಸುತ್ತಾರೆ. ಕೊಟ್ಟದ್ದನ್ನು ಕಳೆದು ಉಳಿದದ್ದಕ್ಕೆ ಬಿಲ್. ಇದೇ ನೆಟ್ ಮೀಟರಿಂಗ್. ಗದ್ದೆ ನಾಟಿಯ ಮುಯ್ಯಾಳಿನ ಹಾಗೆ. ಇವತ್ತು ನಾನು ನಿಮ್ಮ ಗದ್ದೆಗೆ ಬಂದೆ, ನಾಳೆ ನೀವು ನಮ್ಮ ಗದ್ದೆಗೆ ಬನ್ನಿ. ಕೂಲಿ ಕೈ ಬದಲಾಗುವುದಿಲ್ಲ, ಲೆಕ್ಕ ಮಾತ್ರ ಇರುತ್ತದೆ.

ಇನ್ನೊಂದು, ಬ್ಯಾಟರಿ ಇರುವುದು. ಲೈನೂ ಬ್ಯಾಟರಿಯೂ ಎರಡೂ ಇದ್ದರೆ ಹೈಬ್ರಿಡ್.

ಚಿಕ್ಕಪ್ಪನ ಮನೆಯದು ಮೊದಲನೆಯ ಬಗೆ. ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಆನ್‌ಗ್ರಿಡ್ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆ ಬಳಕೆಗೆ ಹೊಂದಿಸುವ ಪೆಟ್ಟಿಗೆ) ತಾನಾಗಿ ನಿಲ್ಲುತ್ತದೆ. ಅದನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಮರ ಬಿದ್ದು ತುಂಡಾದ ತಂತಿ ಜೋಡಿಸಲು ಲೈನ್‌ಮನ್ ಮಳೆಯಲ್ಲಿ ಕಂಬ ಹತ್ತಿರುತ್ತಾರೆ. ಲೈನ್ ಆಫ್ ಆಗಿದೆ ಅಂತ ನಂಬಿ ಕೈ ಹಾಕುತ್ತಾರೆ. ಆಗ ಕೆಳಗಿನ ಯಾವುದೋ ಮನೆಯ ಪ್ಯಾನೆಲ್ ಆ ತಂತಿಗೆ ಕರೆಂಟ್ ಬಿಟ್ಟರೆ ಅವರ ಜೀವಕ್ಕೇ ಅಪಾಯ. ಅದಕ್ಕೇ ಇನ್ವರ್ಟರ್ ನಿಲ್ಲುತ್ತದೆ.

ಇದನ್ನು ಮೊದಲೇ ಹೇಳಿದ್ದರೆ ಚಿಕ್ಕಪ್ಪ ಬೇರೆ ಬಗೆಯದನ್ನು ಆರಿಸುತ್ತಿದ್ದರು. ಯಾಕೆಂದರೆ ಅವರಿಗೆ ಬೇಕಿದ್ದದ್ದು ಕಡಿಮೆ ಬಿಲ್ ಅಲ್ಲ, ಮಳೆಗಾಲದಲ್ಲಿ ಬೆಳಕು.

ಆ ಬೆಳಕಿಗೆ ಬೇಕಾದ ಕರೆಂಟ್ ಎಷ್ಟು ಕಡಿಮೆ ಅಂತ ನೋಡಿ. 9 ವ್ಯಾಟಿನ ಐದು ಎಲ್‌ಇಡಿ ಬಲ್ಬಿಗೆ 45 ವ್ಯಾಟ್. ಮೊಬೈಲ್ ಚಾರ್ಜಿಗೂ ವೈಫೈಗೂ ಸೇರಿ 30 ವ್ಯಾಟ್. ಒಟ್ಟು 75. ಆರು ಗಂಟೆ ಉರಿಸಿದರೆ 450 ವ್ಯಾಟ್-ಗಂಟೆ, ಅಂದರೆ ಅರ್ಧ ಯೂನಿಟ್ಟೂ ಇಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 12 ವೋಲ್ಟಿನ 150 ಎಎಚ್ ಬ್ಯಾಟರಿ ಪೂರ್ತಿ ತುಂಬಿದ್ದರೆ 1.8 ಯೂನಿಟ್ ಹಿಡಿಯುತ್ತದೆ. ಅದರಲ್ಲಿ ಅರ್ಧ ಬಳಸಿದರೂ ಎರಡು ರಾತ್ರಿ ಸಾಗುತ್ತದೆ. ಫ್ರಿಜ್, ಗ್ರೈಂಡರ್, ನೀರಿನ ಮೋಟರ್ ಸೇರಿಸಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಯಾವುದು ಬೇಕೇ ಬೇಕು, ಯಾವುದು ಇದ್ದರೆ ಒಳ್ಳೆಯದು ಅಂತ ಮನೆಯವರೇ ಕೂತು ಹೇಳಬೇಕು. ಊರಿನ ಮಟ್ಟದಲ್ಲೂ ಇದೇ ಪ್ರಶ್ನೆ.

ಈಗಲೇ ಯಾಕೆ ಈ ಮಾತು?

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ತಂದಿತು. 1 ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿ ವೆಚ್ಚ. ಮನೆಗೆ 1 ಕಿಲೋವ್ಯಾಟ್ ಹಾಕಿದರೆ 30,000 ರೂಪಾಯಿ, 2 ಕಿಲೋವ್ಯಾಟಿಗೆ 60,000, 3 ಅಥವಾ ಅದಕ್ಕಿಂತ ಜಾಸ್ತಿಗೆ 78,000 ಸಬ್ಸಿಡಿ. ಬಡಾವಣೆಯ ನಿವಾಸಿಗಳ ಸಂಘಗಳು ಬೀದಿ ದೀಪ, ಪಂಪ್ ಮುಂತಾದ ಎಲ್ಲರಿಗೂ ಸೇರಿದ ಕೆಲಸಕ್ಕೆ ಹಾಕಿಸಿದರೆ ಕಿಲೋವ್ಯಾಟಿಗೆ 18,000. ಈ ಸಬ್ಸಿಡಿ ಪ್ಯಾನೆಲ್ ಕಿಲೋವ್ಯಾಟ್ ಲೆಕ್ಕದಲ್ಲಿ ಬರುತ್ತದೆ. ಬ್ಯಾಟರಿ ದುಡ್ಡು ಬೇರೆ ಹೊಂದಿಸಿಕೊಳ್ಳಬೇಕು.

ಇದೇ ಯೋಜನೆಯಲ್ಲಿ ಜಿಲ್ಲೆಗೊಂದು ಮಾದರಿ ಸೋಲಾರ್ ಗ್ರಾಮ ಅಂತಲೂ ಇದೆ. ಹಳ್ಳಿಗಳ ನಡುವೆ ಆರು ತಿಂಗಳ ಪೈಪೋಟಿ ಇಟ್ಟು ಗೆದ್ದ ಹಳ್ಳಿಗೆ 1 ಕೋಟಿ ರೂಪಾಯಿ. ಯಾವ ಹಳ್ಳಿ ಜಾಸ್ತಿ ಸಾಮರ್ಥ್ಯ ಕೂರಿಸಿತು ಅನ್ನುವುದರ ಮೇಲೆ ಆಯ್ಕೆ. ಅಂದರೆ ಊರು ಒಟ್ಟಾಗದೆ ಈ ದುಡ್ಡು ಬರುವುದಿಲ್ಲ.

10 ಕಿಲೋವ್ಯಾಟ್‌ವರೆಗಿನ ಮನೆ ಸೋಲಾರ್‌ಗೆ ಮೊದಲಿನ ಹಾಗೆ ತಾಂತ್ರಿಕ ಪರಿಶೀಲನೆಗೆ ಕಾಯಬೇಕಿಲ್ಲ ಅಂತ 2024ರಲ್ಲೇ ನಿಯಮ ಬದಲಾಯಿತು. ಕೊಡಗಿಗೆ ಕರೆಂಟ್ ಕೊಡುವುದು ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ನಾವೆಲ್ಲ ಸೆಸ್ಕ್ ಅನ್ನುವುದು. ಮೀಟರ್, ಟ್ರಾನ್ಸ್‌ಫಾರ್ಮರ್ ಮಾತೆಲ್ಲ ಅವರ ಹತ್ತಿರವೇ.

ಈಗ ನಮ್ಮ ರಾಜ್ಯದ ಒಂದು ವಿಶೇಷ. 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್‌ವರೆಗೆ, 2022-23ರ ಸರಾಸರಿ ಖರ್ಚಿಗೆ ಸುಮಾರು ಶೇ. 10 ಸೇರಿಸಿದಷ್ಟಕ್ಕೆ ಬಿಲ್ ಸೊನ್ನೆ. ತಿಂಗಳಿಗೆ 60 ಯೂನಿಟ್ ಖರ್ಚು ಮಾಡುವ ಮನೆಗೆ "ಸೋಲಾರ್ ಹಾಕಿ, ಬಿಲ್ ಉಳಿಸಿ" ಅಂದರೆ ಏನು ಉಳಿಯುತ್ತದೆ? ಅದೇ ಹೋಂಸ್ಟೇ ನಡೆಸುವವರಿಗೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಇರುವವರಿಗೆ ಬಿಲ್ ದೊಡ್ಡದು. ಹೀಗೆ ಒಂದೇ ರಸ್ತೆಯ ಎರಡು ಮನೆಗೆ ಸೋಲಾರ್‌ನ ಅರ್ಥವೇ ಬೇರೆ. ಒಬ್ಬರಿಗೆ ಉಳಿತಾಯ, ಇನ್ನೊಬ್ಬರಿಗೆ ಮಳೆಗಾಲದ ಬೆಳಕು. ಇಬ್ಬರಿಗೂ ಒಂದೇ ಪ್ಯಾಕೇಜ್ ಮಾರಿದರೆ ಒಬ್ಬರಿಗಂತೂ ನಿರಾಸೆ ಖಂಡಿತ.

ಬಿಸಿಲಿನ ಡೈರಿ

ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನಿಸುವ ಭಾಗ ಇದು. ಸ್ವಲ್ಪ ನಿಂತು ನೋಡೋಣ.

ಪ್ಯಾನೆಲ್‌ಗೆ ನೆರಳು ಆಗಿಬರುವುದಿಲ್ಲ. ಪ್ಯಾನೆಲ್ ಒಳಗಿನ ಸೆಲ್‌ಗಳು ಸಾಲಾಗಿ ಜೋಡಿಸಿರುತ್ತವೆ. ಸಾಲಿನಲ್ಲಿ ನಿಂತು ಕಾಫಿ ಚೀಲ ಕೈಯಿಂದ ಕೈಗೆ ದಾಟಿಸುವಾಗ ಒಬ್ಬರು ನಿಧಾನವಾದರೆ ಇಡೀ ಸಾಲು ನಿಧಾನ ಆಗುತ್ತದಲ್ಲ, ಹಾಗೆ. ಒಂದು ಕೊಂಬೆಯ ನೆರಳು ಬಿದ್ದರೂ ಅದರ ಅಗಲಕ್ಕಿಂತ ಜಾಸ್ತಿ ನಷ್ಟ ಆಗಬಹುದು.

ಬಯಲುಸೀಮೆಯಲ್ಲಿ ಇದು ದೊಡ್ಡ ಚಿಂತೆಯಲ್ಲ. ನಮ್ಮಲ್ಲಿ ಮನೆಗಳಿರುವುದೇ ಮರಗಳ ಮಧ್ಯೆ. ಸಿಲ್ವರ್ ಓಕ್, ಹಲಸು, ಅತ್ತಿ. ಅದೂ ನೆರಳು ತಿಂಗಳಿಂದ ತಿಂಗಳಿಗೆ ಜಾಗ ಬದಲಿಸುತ್ತದೆ. ಕೊಡಗು ಇರುವುದು ಭೂಮಧ್ಯರೇಖೆಯಿಂದ ಸುಮಾರು 12 ಡಿಗ್ರಿ ಉತ್ತರಕ್ಕೆ. ಏಪ್ರಿಲ್ ಕೊನೆಯಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ, ಮರದ ನೆರಳು ಬುಡದಲ್ಲೇ. ಡಿಸೆಂಬರ್ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ 60 ಅಡಿ ಎತ್ತರದ ಮರದ ನೆರಳು ನಡುಮಧ್ಯಾಹ್ನದಲ್ಲೂ ಉತ್ತರಕ್ಕೆ 43 ಅಡಿಯಷ್ಟು ಚಾಚಿಕೊಳ್ಳುತ್ತದೆ. ಬೆಳಿಗ್ಗೆ ಸಂಜೆ ಇನ್ನೂ ಉದ್ದ.

ಈಗ ಯೋಚಿಸಿ. ಏಪ್ರಿಲ್‌ನಲ್ಲಿ ಸರ್ವೆಗೆ ಬಂದವರು ತಾರಸಿ ನೋಡಿ "ಒಳ್ಳೆ ಬಿಸಿಲಿದೆ" ಅಂತ ಬರೆದುಕೊಂಡು ಹೋಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಮೋಡ. ಮೋಡ ಹರಿದು ಆಕಾಶ ತಿಳಿಯಾಗುವ ಡಿಸೆಂಬರ್, ಜನವರಿಯಲ್ಲಿ ಪ್ಯಾನೆಲ್ ದುಡಿಯಬೇಕು. ಆಗ ದಕ್ಷಿಣದ ಮರದ ನೆರಳು ಅದರ ಮೇಲೆ ಬಂದು ಕೂರುತ್ತದೆ. ಈ ವಿಷಯ ಸರ್ವೆಗೆ ಬಂದವರಿಗೆ ಒಂದು ಗಂಟೆಯಲ್ಲಿ ಕಾಣುವುದಿಲ್ಲ. ಅಂಗಳದಲ್ಲಿ ಮೆಣಸು ಒಣಗಿಸುವ ಮನೆಯವರಿಗೆ ಗೊತ್ತು. ಯಾವ ತಿಂಗಳು, ಎಷ್ಟು ಗಂಟೆಗೆ ಚಾಪೆ ಎಲ್ಲಿಗೆ ಎಳೆಯಬೇಕು ಅಂತ ಅವರು ಪ್ರತಿ ವರ್ಷ ಮಾಡುತ್ತಲೇ ಇದ್ದಾರೆ.

ಅದಕ್ಕೇ ಮಳೆ ಡೈರಿಯ ಹಾಗೆ ಬಿಸಿಲಿನ ಡೈರಿ ಇಡಿ ಅನ್ನುವುದು. ತಿಂಗಳಲ್ಲಿ ಎರಡು ದಿನ, ಬೆಳಿಗ್ಗೆ 9ಕ್ಕೆ, 12ಕ್ಕೆ, ಮಧ್ಯಾಹ್ನ 3ಕ್ಕೆ ಮಾಡಿನ ಮೇಲೆ ನೆರಳು ಎಲ್ಲಿ ಬಿತ್ತು ಅಂತ ಒಂದು ಗೆರೆ ಎಳೆದು ಫೋಟೋ ತೆಗೆದರೆ ಸಾಕು. ಹೈಸ್ಕೂಲ್ ಮಕ್ಕಳೂ ಮಾಡಬಹುದು. ಊರಿನ ಮೂವತ್ತು ಮನೆಯ ಡೈರಿ ಸೇರಿಸಿದರೆ ಯಾವ ಮಾಡಿನ ಮೇಲೆ ಹಾಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ನೆರಳು ಬೀಳುವುದು ನಮ್ಮ ಮಾಡಿಗೆ, ಮರ ಇರುವುದು ಪಕ್ಕದವರ ತೋಟದಲ್ಲಿ. ಆ ಮರಕ್ಕೆ ಕರಿಮೆಣಸು ಬಳ್ಳಿ ಹಬ್ಬಿದೆ, ಅದು ಅವರ ವರ್ಷದ ದುಡ್ಡು. ಕೆಳಗಿನ ಕಾಫಿಗೆ ಅದೇ ನೆರಳು ಬೇಕು. ಕಡಿಯುವುದಿದ್ದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಎಷ್ಟೋ ಜಾತಿಯ ಮರಕ್ಕೆ ಅರಣ್ಯ ಇಲಾಖೆಯ ಅನುಮತಿಯ ಮಾತು ಬರುತ್ತದೆ. ಪ್ಯಾನೆಲ್ ಬಾಳಿಕೆ 25 ವರ್ಷ. ಇವತ್ತು ಪಕ್ಕದವರು ನೆಟ್ಟ ಸಿಲ್ವರ್ ಓಕ್ ಸಸಿ ಹತ್ತು ವರ್ಷದಲ್ಲಿ ನಮ್ಮ ಮಾಡು ಮುಟ್ಟುತ್ತದೆ. ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಾಡುವಾಗ ಯಾವ ಕೊಂಬೆ ತೆಗೆಯಬಹುದು, ಹೊಸ ಸಸಿ ಎಲ್ಲಿ ನೆಡಬಹುದು ಅಂತ ಇಬ್ಬರೂ ಈಗಲೇ ಮಾತಾಡಿಕೊಂಡರೆ ಜಗಳವಿಲ್ಲ. ಪ್ಯಾನೆಲ್ ಹಾಕಿದ ಮೇಲೆ ಮಾತಾಡಿದರೆ ಅದು ದೂರು ಆಗುತ್ತದೆ.

ಕೇಳುವುದು ಅಂದರೆ ಎಷ್ಟು ಕೇಳುವುದು?

"ಜನರ ಸಹಭಾಗಿತ್ವ" ಅನ್ನುವ ಪದ ಎಲ್ಲ ಯೋಜನೆಯ ಕಾಗದದಲ್ಲೂ ಇರುತ್ತದೆ. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಇದನ್ನು ಎಂಟು ಮೆಟ್ಟಿಲಿನ ಏಣಿಯ ಹಾಗೆ ವಿವರಿಸಿದರು. ತೀರ ಕೆಳಗಿನ ಮೆಟ್ಟಿಲಲ್ಲಿ ಜನರನ್ನು ನೆಪಕ್ಕೆ ಕೂರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ನಡುವೆ, ಏನು ಮಾಡುತ್ತೇವೆ ಅಂತ ತಿಳಿಸುತ್ತಾರೆ, ಅಭಿಪ್ರಾಯ ಕೇಳುತ್ತಾರೆ. ಆದರೆ ತೀರ್ಮಾನ ಅವರದೇ. ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ತೀರ್ಮಾನದಲ್ಲಿ ಜನರಿಗೆ ಪಾಲು ಸಿಗುತ್ತದೆ.

ನಮ್ಮಲ್ಲಿ ವಾರ್ಡ್ ಸಭೆ, ಗ್ರಾಮಸಭೆ ಕಾನೂನಿನಲ್ಲೇ ಇವೆ. ಅಲ್ಲಿ "ಸೋಲಾರ್ ಬರುತ್ತಿದೆ, ಸಹಕರಿಸಿ" ಅಂದರೆ ಅದು ತಿಳಿಸುವುದು. "ಸೋಲಾರ್ ದುಡ್ಡಿದೆ, ಮೊದಲು ನೀರಿನ ಪಂಪಿಗಾ, ಶಾಲೆಗಾ, ಬೀದಿ ದೀಪಕ್ಕಾ?" ಅಂದರೆ ಅದು ಸೇರಿಸಿಕೊಳ್ಳುವುದು. ಎರಡರ ನಡುವಿನ ವ್ಯತ್ಯಾಸ ಪ್ರಶ್ನೆ ಕೇಳುವ ಹೊತ್ತಿನಲ್ಲಿದೆ. ನಕ್ಷೆ ಮುಗಿದ ಮೇಲೆ ಕೇಳಿದರೆ ಬದಲಿಸಲು ಏನೂ ಉಳಿದಿರುವುದಿಲ್ಲ.

ಯಾರೆಲ್ಲ ಕೂರಬೇಕು?

ಮನೆ ಯಜಮಾನರು, ಪಂಚಾಯಿತಿ ಸದಸ್ಯರು, ಪಿಡಿಒ, ಸೆಸ್ಕ್‌ನವರು, ಬ್ಯಾಂಕಿನವರು, ಪ್ಯಾನೆಲ್ ಹಾಕುವವರು. ಇವರು ಹೇಗೂ ಬರುತ್ತಾರೆ. ಬಿಟ್ಟುಹೋಗುವವರ ಬಗ್ಗೆ ಹೇಳಬೇಕು.

ಲೈನ್‌ಮನೆಯಲ್ಲಿ (ತೋಟದಲ್ಲಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಮನೆ) ಇರುವ ತೋಟದ ಕೆಲಸಗಾರರು ಮೊದಲನೆಯವರು. ಎಷ್ಟೋ ಕಡೆ ಮೀಟರ್ ತೋಟದ ಮಾಲೀಕರ ಹೆಸರಲ್ಲಿ ಇರುತ್ತದೆ, ಮಾಡೂ ಅವರದೇ. ಸಬ್ಸಿಡಿ ಬರುವುದು ಸ್ವಂತ ಮನೆ, ಸ್ವಂತ ಹೆಸರಿನ ಕನೆಕ್ಷನ್ ಇರುವವರಿಗೆ. ಊರೆಲ್ಲ ಸೋಲಾರ್ ಆಗಿ ಲೈನ್‌ಮನೆ ಮಾತ್ರ ಕತ್ತಲಲ್ಲಿ ಉಳಿಯಬಾರದು. ಕಾಫಿ ಗೋಡೌನಿನ ದೊಡ್ಡ ಶೀಟ್ ಮಾಡಿನ ಮೇಲೆ ಸಾಮಾನ್ಯವಾಗಿ ಒಳ್ಳೆ ಬಿಸಿಲು ಇರುತ್ತದೆ. ಅಲ್ಲಿ ಹಾಕಿ ಲೈನ್‌ಮನೆಗೂ ತಂತಿ ಎಳೆಯಬಹುದಾ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಅದನ್ನು ಕೇಳಲು ಅವರೇ ಸಭೆಯಲ್ಲಿ ಇರಬೇಕು. ಹಾಗಾದರೆ ಸಭೆ ಕಾಫಿ ಕೊಯ್ಲಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಡುವ ಹಾಗಿಲ್ಲ. ಸಂತೆ ದಿನ ತೋಟಕ್ಕೆ ರಜೆ, ಅವತ್ತು ಇಡಬಹುದು.

ಭಾಷೆಯೂ ಮುಖ್ಯ. ನಮ್ಮ ಒಂದು ವಾರ್ಡಿನಲ್ಲೇ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಎಲ್ಲ ಇರುತ್ತವೆ. ಆದಿವಾಸಿ ಹಾಡಿಗಳಲ್ಲಿ ಯರವ, ಜೇನು ಕುರುಬ ಭಾಷೆಗಳಿವೆ. ನೆಟ್ ಮೀಟರಿಂಗ್ ಅನ್ನುವುದನ್ನು ಮನೆ ಮಾತಿನಲ್ಲಿ ಒಬ್ಬರು ವಿವರಿಸಿದರೆ ಬರುವ ಪ್ರಶ್ನೆಗಳೇ ಬೇರೆ.

ಎರಡನೆಯವರು ಹೆಂಗಸರು. ಗ್ರೈಂಡರ್ ಎಷ್ಟು ಹೊತ್ತಿಗೆ ಹಾಕುತ್ತಾರೆ, ಟ್ಯಾಂಕಿಗೆ ಯಾವಾಗ ನೀರು ಏರಿಸುತ್ತಾರೆ ಅನ್ನುವುದು ಅವರಿಗೆ ಗೊತ್ತು. ಸೋಲಾರ್‌ನಲ್ಲಿ ಈ ಹೊತ್ತಿಗೆ ಬೆಲೆ ಇದೆ. ಮಧ್ಯಾಹ್ನದ ಬಿಸಿಲಲ್ಲೇ ಮೋಟರ್ ಓಡಿಸಿದರೆ ಬ್ಯಾಟರಿ ಚಿಕ್ಕದು ಸಾಕು. ಸಂಘದ ಮೀಟಿಂಗಿನಲ್ಲಿ ಅರ್ಧ ಗಂಟೆ ಕೂತು ಕೇಳಿದರೆ ಇಡೀ ಊರಿನ ದಿನಚರಿ ಸಿಗುತ್ತದೆ.

ಆಮೇಲೆ ಲೈನ್‌ಮನ್. ಯಾವ ತಿರುವಿನಲ್ಲಿ ಪ್ರತಿ ವರ್ಷ ಮರ ಬೀಳುತ್ತದೆ, ಯಾವ ಟ್ರಾನ್ಸ್‌ಫಾರ್ಮರ್ ಮೇಲೆ ಎಷ್ಟು ಭಾರ ಇದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಟ್ರಾನ್ಸ್‌ಫಾರ್ಮರ್ ಅಂದರೆ ಊರಿನ ಕಿರಿದಾದ ಸೇತುವೆ ಇದ್ದ ಹಾಗೆ. ಮಧ್ಯಾಹ್ನ ಎಲ್ಲರೂ ತೋಟದಲ್ಲಿ, ಮನೆಯಲ್ಲಿ ಖರ್ಚಿಲ್ಲ. ಎಲ್ಲ ಮನೆಯ ಪ್ಯಾನೆಲ್‌ಗಳೂ ಒಟ್ಟಿಗೆ ಕರೆಂಟ್ ಹೊರಗೆ ಕಳಿಸಿದರೆ ಲೈನಿನಲ್ಲಿ ವೋಲ್ಟೇಜ್ ಏರಿ ಇನ್ವರ್ಟರ್‌ಗಳು ನಿಲ್ಲಬಹುದು. ಯಾರು ಎಷ್ಟು ಹಾಕಬೇಕು ಅಂತ ಒಟ್ಟಿಗೆ ನೋಡದಿದ್ದರೆ ಮೊದಲು ಹಾಕಿಸಿದವರಿಗೆ ಜಾಗ, ಕೊನೆಯವರಿಗೆ ಇಲ್ಲ ಅನ್ನುವ ಹಾಗಾಗುತ್ತದೆ.

ಬೇರೆ ಊರುಗಳಲ್ಲಿ ಏನಾಯಿತು?

ಬಿಹಾರದ ಧರ್ನೈ ಹಳ್ಳಿಗೆ 2014ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯವರು 100 ಕಿಲೋವ್ಯಾಟಿನ ಸೋಲಾರ್ ಗ್ರಿಡ್ ಹಾಕಿಕೊಟ್ಟರು. ವರ್ಷಗಟ್ಟಲೆ ಕರೆಂಟ್ ಇಲ್ಲದ ಹಳ್ಳಿ ಅದು. ಆದರೆ ಉದ್ಘಾಟನೆಯ ಹೊತ್ತಿಗೆ ಊರವರು ಕೇಳಿದ್ದು "ಅಸಲಿ ಕರೆಂಟ್ ಕೊಡಿ" ಅಂತ. ಬಲ್ಬು ಉರಿಯುತ್ತಿತ್ತು. ಟಿವಿ, ಫ್ರಿಜ್ ಅಂತ ಬೇಡಿಕೆ ಬೆಳೆದಾಗ ಬ್ಯಾಟರಿ ತಾಳಲಿಲ್ಲ. ಸರ್ಕಾರದ ಲೈನ್ ಬಂತು, ಅದು ಅಗ್ಗವಾಗಿತ್ತು. ಕೆಲವೇ ವರ್ಷಗಳಲ್ಲಿ ಸೋಲಾರ್ ನಿಂತುಹೋಗಿ ಆ ಜಾಗ ದನ ಕಟ್ಟಲು ಬಳಕೆಯಾಯಿತು. ಕೊಟ್ಟದ್ದಕ್ಕೂ ಜನ ಬಯಸಿದ್ದಕ್ಕೂ ಹೊಂದಿಕೆಯಾಗಲಿಲ್ಲ.

ಗುಜರಾತಿನ ಢುಂಡಿಯಲ್ಲಿ ಬೇರೆ ದಾರಿ ಹಿಡಿದರು. 2016ರಲ್ಲಿ ಆರು ರೈತರು ಸೇರಿ ಸೋಲಾರ್ ಪಂಪ್ ರೈತರ ಸಹಕಾರ ಸಂಘ ಕಟ್ಟಿಕೊಂಡರು. ನೀರಾವರಿಗೆ ಬೇಕಾದಷ್ಟು ಬಳಸಿ ಉಳಿದ ಕರೆಂಟನ್ನು ಲೈನಿಗೆ ಮಾರಿದರು. ಹಾಲಿನ ಸೊಸೈಟಿಯ ಲೆಕ್ಕವೇ. ಅದೇ ರಾಜ್ಯದ ಮೊಧೇರಾವನ್ನು 2022ರ ಅಕ್ಟೋಬರ್‌ನಲ್ಲಿ ದಿನವಿಡೀ ಸೋಲಾರ್‌ನಲ್ಲಿ ನಡೆಯುವ ದೇಶದ ಮೊದಲ ಹಳ್ಳಿ ಅಂತ ಘೋಷಿಸಿದರು. ಅಲ್ಲಿ 1,300ಕ್ಕೂ ಹೆಚ್ಚು ಮನೆಗಳ ಮೇಲೆ 1 ಕಿಲೋವ್ಯಾಟಿನ ಪ್ಯಾನೆಲ್ ಇವೆ, ಊರಾಚೆ 6 ಮೆಗಾವ್ಯಾಟಿನ ಘಟಕವೂ ಬ್ಯಾಟರಿಯೂ ಇವೆ. ಅದು ಬಯಲು ನೆಲ. ನಮ್ಮಲ್ಲಿ ಅಷ್ಟು ಜಾಗ ಸಮತಟ್ಟು ಮಾಡುವುದು ಅಂದರೆ ಗುಡ್ಡ ಕಡಿಯುವುದು. 2018ರ ಆಗಸ್ಟ್‌ನ ಭೂಕುಸಿತ ನೋಡಿದ ನಾವು ಆ ದಾರಿ ಯೋಚಿಸುವುದೂ ಬೇಡ.

ಜರ್ಮನಿಯ ಫ್ರೈಬುರ್ಗ್ ಊರಿನ ವಾಬಾನ್ ಬಡಾವಣೆ ಮೊದಲು ಸೈನ್ಯದ ನೆಲೆಯಾಗಿತ್ತು. 1990ರ ದಶಕದಲ್ಲಿ ಅಲ್ಲಿ ಬಡಾವಣೆ ಕಟ್ಟುವಾಗ ಅಲ್ಲಿಗೆ ಬಂದು ನೆಲೆಸಲಿದ್ದ ಜನರೇ ಫೋರಂ ವಾಬಾನ್ ಅನ್ನುವ ಸಂಘ ಕಟ್ಟಿಕೊಂಡು ನಗರಸಭೆಯ ಜೊತೆ ಯೋಜನೆಗೆ ಕೂತರು. ಅದರ ಪಕ್ಕದಲ್ಲೇ ಇರುವ 59 ಮನೆಗಳ ಸೋಲಾರ್ ಕೇರಿ ತನ್ನ ಖರ್ಚಿಗಿಂತ ಜಾಸ್ತಿ ಕರೆಂಟ್ ಮಾಡುತ್ತದೆ.

ಕೊಡಗಿಗೆ ಯಾವುದು ಮೊದಲು?

ನನ್ನ ಕೇಳಿದರೆ, ಮನೆಗಳಿಗಿಂತ ಮೊದಲು ಎಲ್ಲರೂ ಆಶ್ರಯಿಸುವ ಜಾಗಗಳಿಗೆ ಬ್ಯಾಟರಿ ಸಹಿತ ಸೋಲಾರ್ ಬರಬೇಕು. ಮಳೆ ಜೋರಾದಾಗ ಕಾಳಜಿ ಕೇಂದ್ರ ಆಗುವ ಶಾಲೆ, ಲಸಿಕೆಯ ಫ್ರಿಜ್ ಇರುವ ಆರೋಗ್ಯ ಕೇಂದ್ರ, ಕುಡಿಯುವ ನೀರಿನ ಪಂಪ್, ಹತ್ತು ಮೊಬೈಲ್ ಚಾರ್ಜ್ ಮಾಡಬಹುದಾದ ಪಂಚಾಯಿತಿ ಕಟ್ಟೆ. ಗುಡ್ಡ ಜಾರಿದ ರಾತ್ರಿ ಫೋನ್ ಸತ್ತಿದ್ದರೆ ಏನಾಗುತ್ತದೆ ಅಂತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಂಬೂರು, ಕರ್ಣಂಗೇರಿಯಂತಹ ಪುನರ್ವಸತಿ ಬಡಾವಣೆಗಳಲ್ಲಿ ಮನೆಗಳು ಒತ್ತಾಗಿವೆ, ಹೊಸ ತಾರಸಿಗಳಿವೆ. ತೋಟದ ಮನೆಗಳಿಗಿಂತ ಅಲ್ಲಿ ಒಟ್ಟಾಗಿ ಮಾಡುವುದು ಸುಲಭ.

ಒಂದು ಕಡೆ ಪ್ಯಾನೆಲ್ ಹಾಕಿ ಹಲವು ಮನೆಯ ಬಿಲ್ಲಿಗೆ ಯೂನಿಟ್ ಹಂಚುವುದಕ್ಕೆ ವರ್ಚುವಲ್ ನೆಟ್ ಮೀಟರಿಂಗ್ ಅನ್ನುತ್ತಾರೆ. ಮರದ ನೆರಳಿನ ಮನೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಇದರ ನಿಯಮ ಮಾಡುವುದು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಇದನ್ನು ನಂಬಿ ಯೋಜನೆ ಮಾಡುವ ಮೊದಲು ಸೆಸ್ಕ್ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ನೋಡಿಕೊಳ್ಳುವುದು ಯಾರು ಅನ್ನುವುದನ್ನು ಮೊದಲ ಸಭೆಯಲ್ಲೇ ಬರೆದಿಡಿ. ನಮ್ಮ ಮಳೆಗೆ ಪ್ಯಾನೆಲ್ ಅಂಚಿನಲ್ಲಿ ಪಾಚಿ ಕಟ್ಟುತ್ತದೆ. ಕೋತಿಗಳು ತಂತಿ ಎಳೆಯುತ್ತವೆ. ಏಪ್ರಿಲ್, ಮೇ ಸಿಡಿಲಿಗೆ ಅರ್ಥಿಂಗ್ ಸರಿಯಿರಬೇಕು. ಹಂಚಿನ ಮಾಡಾದರೆ ಪಕಾಸಿ, ರೀಪು ಭಾರ ತಡೆಯುತ್ತವಾ ಅಂತ ಬಡಗಿಗೆ ತೋರಿಸಬೇಕು, ಒಂದು ದೊಡ್ಡ ಪ್ಯಾನೆಲ್ 25 ಕಿಲೋಗಿಂತ ಜಾಸ್ತಿ ತೂಗುತ್ತದೆ. ಪ್ಯಾನೆಲ್ 25 ವರ್ಷ ಬಂದರೂ ಇನ್ವರ್ಟರ್ ಹತ್ತು ವರ್ಷದ ಆಸುಪಾಸಿನಲ್ಲಿ ಬದಲಿಸಬೇಕಾಗುತ್ತದೆ, ಬ್ಯಾಟರಿ ಅದಕ್ಕೂ ಮೊದಲು. ಮನೆಗೆ ತಿಂಗಳಿಗೆ ಇಷ್ಟು ಅಂತ ಈಗಿನಿಂದಲೇ ಒಂದು ಖಾತೆಗೆ ಹಾಕದಿದ್ದರೆ ಅವತ್ತು ಯಾರೂ ಕೈ ಬಿಚ್ಚುವುದಿಲ್ಲ.

ಚಿಕ್ಕಪ್ಪನ ತಾರಸಿ

ಜನವರಿಯಲ್ಲಿ ಮತ್ತೆ ಹೋಗಿದ್ದೆ. ಹಳೆ ಇನ್ವರ್ಟರ್ ತೆಗೆದು ಹೈಬ್ರಿಡ್ ಹಾಕಿಸಿದ್ದರು, ಪಕ್ಕದಲ್ಲಿ ಬ್ಯಾಟರಿ. ಎರಡು ಸಲ ದುಡ್ಡು ಹಾಕಿದ ಹಾಗಾಯಿತು ಅಂತ ಬೇಸರ ಇತ್ತು. ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳು, ಪ್ರತಿ ಗೆರೆಯ ಪಕ್ಕ ಗಂಟೆ. ದಕ್ಷಿಣಕ್ಕೆ ಪಕ್ಕದ ತೋಟದ ಸಿಲ್ವರ್ ಓಕ್. ಆ ತೋಟದವರೂ ಮೇಲೆ ಬಂದು ನಿಂತಿದ್ದರು.

"ಬಳ್ಳಿ ಮುಟ್ಟುವುದು ಬೇಡ ಅಣ್ಣ. ಆ ಮೇಲಿನ ಎರಡು ಕೊಂಬೆ ಹೋದರೆ ನಮಗೆ ಸಾಕು" ಅಂದರು ಚಿಕ್ಕಪ್ಪ.

"ಈ ಸಲ ಮರಗಸಿಗೆ ಬಂದವರಿಗೆ ಹೇಳ್ತೇನೆ. ಆದರೆ ಕಳೆದ ಸಲದ ಹಾಗೆ ಕರೆಂಟ್ ಹೋದರೆ ನಮ್ಮ ಫೋನೂ ನಿಮ್ಮಲ್ಲೇ ಚಾರ್ಜ್ ಆಗಬೇಕು" ಅಂದರು ಅವರು.

ಚಿಕ್ಕಮ್ಮ ಕೆಳಗಿನಿಂದ ಕಾಫಿಗೆ ಕರೆದರು. ಚಿಕ್ಕಪ್ಪ ಮಳೆ ಡೈರಿ ತೆಗೆದರು. ಮಳೆಯ ಕಾಲಂನಲ್ಲಿ ಸೊನ್ನೆ ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ಬರೆದರು: "12 ಗಂಟೆ. ನಾಲ್ಕು ಪ್ಯಾನೆಲ್ ಬಿಸಿಲು, ಎರಡು ನೆರಳು."